ಹದಿನೇಳನೇ ಸಾಲಿನ ಬೆಳ್ಳುಳ್ಳಿ

ಬೆಳ್ಳುಳ್ಳಿಯನ್ನು ಸುಲಿದು ನೆಟ್ಟವನು ನಾನು. ಅದೂ ಕೆಲಸಕ್ಕೆ ಸೇರಿದ ಮೊದಲನೆಯ ವಾರದಲ್ಲೇ. ಬಂಗಾರಪೇಟೆಯ ಹೊರಗೆ ಒಂದು ಸಣ್ಣ ಬೀಜದ ಫಾರಂ ಇತ್ತು. ಅಲ್ಲಿ ನನಗೆ ಫೀಲ್ಡ್‌ಮನ್ ಎಂಬ ಹೆಸರು, ತಲೆಗೊಂದು ಹ್ಯಾಟು, ಓಡಾಡಲು ನನ್ನದೇ ಸೈಕಲ್ಲು. ಒಂದು ಬುಟ್ಟಿ ಬೆಳ್ಳುಳ್ಳಿ ಕೊಟ್ಟು ಎಸಳು ಬಿಡಿಸಿ ನೆಡಿಸು ಎಂದರು. ಹುಮ್ಮಸ್ಸು ನೋಡಿ, ಎಸಳು ಬಿಡಿಸಿದ್ದಲ್ಲದೆ ಒಂದೊಂದರ ಸಿಪ್ಪೆಯನ್ನೂ ಸುಲಿದು ಬೆಳ್ಳಗೆ ಮಾಡಿ ಮಣ್ಣಿಗೆ ಹಾಕಿಸಲು ನಿಂತೆ. ಕೂಲಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರಲ್ಲಿ ಹಿರಿಯಳು, “ಇದು ನೆಡಾಕಾ ಸಾಮಿ, ಚಟ್ನಿ ಅರಿಯಾಕಾ?” ಎಂದು ಕೇಳಿಯೇಬಿಟ್ಟಳು. ಹತ್ತು ದಿನದಲ್ಲಿ ಎಲ್ಲವೂ ಕೊಳೆತು ನಾರಿತು. ಆ ಮುದುಕಿಯ ಮಾತು ಮುಂದೆ ನಾಲ್ಕು ವರ್ಷಕ್ಕೆ ಬೇರೆ ರೀತಿಯಲ್ಲಿ ನಿಜವಾಯಿತು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಣ್ಣನ ಮೊಮ್ಮಗಳು ಕೃಷಿ ಓದಿಕೊಂಡು ಈಗ ಇಂಥದೇ ಒಂದು ಫಾರಂಗೆ ಕೆಲಸಕ್ಕೆ ಹೊರಟಿದ್ದಾಳೆ. “ತಾತ, ನೀವು ಬೆಳ್ಳುಳ್ಳಿ ಮೇಲೆ ಕೆಲಸ ಮಾಡಿದ್ರಂತೆ, ನಮಗೆ ಉಪಯೋಗ ಆಗೋ ಹಾಗೆ ಬರೆದುಕೊಡಿ” ಎಂದಳು. ಉಪಯೋಗವಾಗುತ್ತದೋ ಇಲ್ಲವೋ ಕಾಣೆ. ಬಡ್ತಿ, ಬೀಳ್ಕೊಡುಗೆ, ಹೊದಿಸಿದ ಶಾಲು, ಇವನ್ನೆಲ್ಲ ಬಿಟ್ಟು ಬರೆಯುತ್ತೇನೆ. ಶಾಲನ್ನು ನುಸಿ ತಿಂದಿತು. ಒಳ್ಳೆಯದೇ ಆಯಿತು.

ಫಾರಂನ ಮೊದಲ ಅಧಿಕಾರಿ ಶೇಷಗಿರಿರಾಯರು. ಮಡಿವಂತರ ಮನೆ, ಬೆಳ್ಳುಳ್ಳಿ ಹೊಸ್ತಿಲು ದಾಟುವ ಹಾಗಿಲ್ಲ. ಅಂಥವರ ಪಾಲಿಗೆ ಬೆಳ್ಳುಳ್ಳಿ ತಳಿಗಳನ್ನು ಕೂಡಿಹಾಕುವ ಕೆಲಸ ಬಿದ್ದಿತ್ತು. ಸಂಜೆ ಫಾರಂನ ಬಾವಿಕಟ್ಟೆಯಲ್ಲಿ ಸೀಗೆಪುಡಿ ಹಾಕಿ ಕೈ ತಿಕ್ಕಿ, ಸ್ನಾನ ಮಾಡಿ, ಬೇರೆ ಪಂಚೆ ಉಟ್ಟು ಮನೆಗೆ ಹೋಗುವರು. ಅಷ್ಟಾದರೂ ಅವರ ಮನೆಯಾಕೆ ಮೂಗು ಮುಚ್ಚಿಕೊಂಡೇ ಬಡಿಸುತ್ತಿದ್ದರಂತೆ. ನಾಲಗೆಗೆ ಒಂದು ದಿನವೂ ಸೋಕಿಸದ ಆ ಮನುಷ್ಯ ಕಣ್ಣು ಮುಚ್ಚಿ ಮೂಸಿ, ಇದು ಚಿಂತಾಮಣಿ ಕಡೆಯದು, ಇದು ಮಾಲೂರಿನದು ಎಂದು ಹೇಳುತ್ತಿದ್ದರು. ಒಂದು ಸಲವೂ ತಪ್ಪಿದ್ದನ್ನು ನಾನು ನೋಡಲಿಲ್ಲ.

ಸುಲಿದು ನೆಟ್ಟಿದ್ದಕ್ಕೆ ಅವರು ಬೈಯಲಿಲ್ಲ. ಬದುವಿನ ಮೇಲೆ ಕೂರಿಸಿಕೊಂಡು ಪಾಠ ಹೇಳಿದರು.

“ನಂಜುಂಡ, ರಾಗಿ ತಳಿಯೊಂದನ್ನ ಈ ವರ್ಷ ಬಿತ್ತಲಿಲ್ಲ ಅಂತಿಟ್ಟುಕೋ. ಡಬ್ಬದಲ್ಲಿರುತ್ತೆ, ಬರೋ ವರ್ಷ ಬಿತ್ತಬಹುದು. ಬೆಳ್ಳುಳ್ಳಿ ಬೀಜ ಕಟ್ಟೋದಿಲ್ಲ. ಎಸಳೇ ಬೀಜ. ಒಂದು ವರ್ಷ ಮಣ್ಣಿಗೆ ಹಾಕಲಿಲ್ಲವೋ, ಆ ತಳಿ ಗೋವಿಂದ.”

“ದೊಡ್ಡ ಗಡ್ಡೆಯದನ್ನೂ ರೋಗ ತಡೆಯೋದನ್ನೂ ಸೇರಿಸಿ ಹೊಸ ತಳಿ ಮಾಡಕ್ಕಾಗಲ್ವಾ ಸಾರ್?” ಎಂದು ಕೇಳಿದೆ.

“ಹೂವೇ ನೆಟ್ಟಗಿಲ್ಲದ ಮೇಲೆ ಮದುವೆ ಎಲ್ಲಿಂದ ಮಾಡಿಸ್ತೀಯ? ಇರೋದರಲ್ಲಿ ಆರಿಸಬೇಕು. ಆರಿಸೋದಕ್ಕೆ ಮೊದಲು ಇರಬೇಕಲ್ಲಪ್ಪ!”

ಬೀಜವೇ ಕಟ್ಟದ ಬೆಳೆಯಲ್ಲಿ ಊರಿಗೊಂದು ಬಗೆ ಹೇಗಾಯಿತು ಎಂಬುದು ನನ್ನ ಮುಂದಿನ ಪ್ರಶ್ನೆ. ಅದಕ್ಕೆ ರಾಯರು ನಕ್ಕರು. “ಅಜ್ಜಿಯರು ಮಾಡಿದ್ದು ಕಣಯ್ಯ. ಮಡಿಯಲ್ಲಿ ಎಲ್ಲೋ ಒಂದು ಗಡ್ಡೆ ಬೇರೆ ಥರ ಬರುತ್ತೆ. ಅದನ್ನ ಸಾರಿಗೆ ಹಾಕದೆ ಎತ್ತಿಡ್ತಾಳೆ ನೋಡು, ಅವಳೇ ತಳಿ ಮಾಡೋಳು. ನಮ್ಮದು ಗೂಟ ಹೊಡೆಯೋ ಕೆಲಸ.”

ಆ ಗೂಟ ಹೊಡೆಯುವ ಕೆಲಸಕ್ಕೆ ನಾನು ಎರಡು ವರ್ಷ ಸೈಕಲ್ ತುಳಿದೆ. ಒಂದೊಂದು ಊರಿನ ಬೆಳ್ಳುಳ್ಳಿಗೆ ಒಂದೊಂದು ಸಾಲು, ಸಾಲಿನ ತುದಿಗೆ ತಗಡಿನ ನಂಬರು ಹೊಡೆದ ಗೂಟ. ಎಲ್ಲ ಸಾಲೂ ಒಂದೇ ಉದ್ದ, ಒಂದೇ ಎಣಿಕೆಯ ಎಸಳು. ಎಣಿಕೆ ಕಡಿಮೆಯಾದರೆ ಒಂದಕ್ಕೊಂದು ಹೋಲಿಸಲು ಬರುವುದಿಲ್ಲ ಎಂದು ನಿಯಮ. ನಿಯಮವೆಂದರೆ ನನಗೆ ಆಗ ದೇವರ ಅಪ್ಪಣೆ.

ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯೊಂದರಲ್ಲಿ, ಮುನಿಯಮ್ಮ ಎಂಬಾಕೆ ಕೆನ್ನೇರಳೆ ಸಿಪ್ಪೆಯ ಪುಟ್ಟ ಬೆಳ್ಳುಳ್ಳಿ ಬೆಳೆಯುತ್ತಾಳೆಂದು ಕೂಲಿಯವರಿಂದ ತಿಳಿಯಿತು. ದೀಪಾವಳಿಗೆ ಇನ್ನೂ ಒಂದು ತಿಂಗಳಿತ್ತು. ರೈಲು ಹತ್ತಿ ಹೋದೆ. ತಟ್ಟಿ ಗೋಡೆಯ ಮನೆಗಳ ಸಾಲು, ಒಂದರ ಬೆನ್ನಿಗೆ ಒಂದು. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಮಾಡಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ. ಮುನಿಯಮ್ಮನ ಮನೆ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಎರಡು ಮೊರದಗಲ ಮಡಿ ಮಾಡಿ, ಗೊಬ್ಬರ ಬೆರೆಸಿ, ಹದ ಮಾಡಿ ಇಟ್ಟಿದ್ದಳು. ಮನೆ ಮುಂದೆ ಹಗ್ಗದ ಮಂಚದ ಮೇಲೆ ಅವಳ ಗಂಡ ವೆಂಕಟಪ್ಪ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ಇರುತ್ತಿದ್ದನಂತೆ. ನೆಲದಡಿ ಬಂಡೆ ಕೊರೆಯುವ ಕೆಲಸ ಮಾಡಿ ಎದೆ ಹೋಗಿತ್ತು. ಅವನಿಗೆ ದಿನಾ ಬೆಳಗ್ಗೆ ಮೂರು ಎಸಳನ್ನು ಹಾಲಿನಲ್ಲಿ ಬೇಯಿಸಿ ಕುಡಿಸುತ್ತಿದ್ದಳು.

“ಬೇತಮಂಗ್ಲದ ತಾವ ನಮ್ಮೂರು ಸಾಮಿ. ಲಗ್ನ ಆಗಿ ಬರೋವಾಗ ನಮ್ಮಮ್ಮ ಮಡ್ಲಕ್ಕಿ ಜೊತೆ ಐದು ಗಡ್ಡೆ ಕಟ್ಟಿ ಕೊಟ್ಳು. ಬಾಣಂತನಕ್ಕೂ ಇದೇಯ, ಎದೆಗೂ ಇದೇಯ. ಸಾರಿಗೆ, ಚಟ್ನಿಗೆ ಸಂತೇದು ತತ್ತೀವಿ. ಇದನ್ನ ಮುಟ್ಟಾಕಿಲ್ಲ.”

ಒಲೆಯ ಮೇಲೆ ತೂಗುಹಾಕಿದ್ದ, ಹೊಗೆ ಹಿಡಿದ ಒಂದು ಗೊಂಚಲು ಇಳಿಸಿ ತೋರಿಸಿದಳು. ಕುಡಿಸುವುದು ಮುಗಿದು ನೆಡುವುದಕ್ಕೆಂದು ಉಳಿದದ್ದು ಅಷ್ಟೇ. ಫಾರಂನ ಸಾಲಿಗೆ ಬೇಕೆಂದು ಕೇಳಿ, ನಾನು ಅಲ್ಲೇ ಕೂತು ಎಸಳು ಎಣಿಸಿದೆ. ಅವಳು ಒಂದು ಗಡ್ಡೆಯನ್ನು ಮುರಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಇದೊಂದು ಇರ್ಲಿ ಸಾಮಿ. ಬಿತ್ನೆ ಪೂರ್ತಿ ಆಚೆ ಕೊಡಬಾರ್ದು ಅಂತ ನಮ್ಮಮ್ಮ ಏಳವ್ಳೆ.”

ಸಾಲಿಗೆ ಎಂಟು ಎಸಳು ಕಡಿಮೆ ಬಿದ್ದಿತ್ತು.

“ಸಾಲು ತುಂಬಾಕಿಲ್ಲಕ್ಕ,” ಎಂದೆ. “ಯುಗಾದಿಗೆ ಒಂದಕ್ಕೆ ಹತ್ತು ಮಾಡಿ ತಂದ್ಕೊಡ್ತೀನಿ. ಇದು ಸರ್ಕಾರದ ಕೆಲ್ಸ, ಎಲ್ಲೂ ಓಗಾಕಿಲ್ಲ.”

ಅವಳು ಗಂಡನ ಮುಖ ನೋಡಿದಳು. ಅವನು ಕೆಮ್ಮಿನ ನಡುವೆ, “ಕೊಟ್ಬಿಡಮ್ಮಿ. ಆಯಪ್ಪ ಸುಳ್ಳಾಡೋನಂಗೆ ಕಾಣಾಕಿಲ್ಲ,” ಎಂದ. ಗಂಟು ಬಿಚ್ಚಿ ಆ ಗಡ್ಡೆಯನ್ನು ನನ್ನ ಕೈಲಿಟ್ಟಳು. ಬಿಚ್ಚಲು ಎಷ್ಟು ಹೊತ್ತು ತೆಗೆದುಕೊಂಡಳು ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮಗಳೇ, ನಿನಗೆ ಉಪಯೋಗದ ಮಾತು ಬೇಕಿದ್ದರೆ ಇದೊಂದೇ ನನ್ನ ಹತ್ತಿರ ಇರುವುದು. ಸಾಲು ಖಾಲಿ ಇದ್ದರೆ ಇರಲಿ, ಕೊನೆಯ ಗಡ್ಡೆ ಕೇಳಬೇಡ. ಉಳಿದದ್ದನ್ನೆಲ್ಲ ನಿಮ್ಮ ಪುಸ್ತಕಗಳಲ್ಲಿ ನನಗಿಂತ ಚೆನ್ನಾಗಿ ಬರೆದಿರುತ್ತಾರೆ.

ಆ ಬೆಳ್ಳುಳ್ಳಿಗೆ ಹದಿನೇಳನೇ ಗೂಟ ಸಿಕ್ಕಿತು. ಮೊದಲ ವರ್ಷ ಅದರಲ್ಲೇನೂ ವಿಶೇಷವಿರಲಿಲ್ಲ. ಗಿಡ್ಡ ಸೋಗೆ, ಗೋಲಿಗಾತ್ರದ ಗಡ್ಡೆ. ಯುಗಾದಿ ಹತ್ತಿರ ಬಂದಾಗ ರಾಯರು, “ಒಂದು ವರ್ಷ ನೋಡಿದರೆ ಏನು ಗೊತ್ತಾಗುತ್ತೆ? ಇನ್ನೊಂದು ಬೆಳೆ ನೋಡಿ ಆಮೇಲೆ ಅವರವರಿಗೆ ವಾಪಸು ಕೊಡೋಣ” ಎಂದರು. ಹದಿನೇಳರದ್ದು ಆ ಹೆಂಗಸಿನ ಕೊನೆಯ ಗಡ್ಡೆ ಎಂದು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಅಂದೇ ಕೊಡಿಸಿರುತ್ತಿದ್ದರು, ಜೊತೆಗೆ ನನಗೆ ಛೀಮಾರಿಯನ್ನೂ ಹಾಕಿರುತ್ತಿದ್ದರು. ಬೈಸಿಕೊಳ್ಳಲು ಹೆದರಿ ಬಾಯಿ ಮುಚ್ಚಿಕೊಂಡೆ. ಬರಿಗೈಲಿ ಚಾಂಪಿಯನ್ ರೀಫ್ಸಿಗೆ ಹೋಗಿ ಮುನಿಯಮ್ಮನ ಮುಂದೆ ನಿಂತೆ.

“ಇನ್ನೊಂದ್ ವರ್ಸ ತಾನೆ, ಓಗ್ಲಿ ಬಿಡಣ್ಣ,” ಎಂದಳು. ಸಾಮಿ ಹೋಗಿ ಅಣ್ಣ ಆಗಿದ್ದೆ. “ಸಂತೇದೇ ಆಲಿಗಾಕಿ ಕುಡುಸ್ತಾವ್ನಿ. ಇವ್ರು ಮಾತ್ರ ವಾಸ್ನೆ ಬ್ಯಾರೆ ಅಂತಾರೆ. ಚೆನ್ನಾಗ್ ನೋಡ್ಕೋ ಅದನ್ನ.”

ಎರಡನೆಯ ವರ್ಷ ಕಾರ್ತಿಕದಲ್ಲಿ ಜಡಿಮಳೆ ಹಿಡಿಯಿತು. ವಾರಗಟ್ಟಲೆ ಬಿಸಿಲೇ ಇಲ್ಲ. ಬೆಳ್ಳುಳ್ಳಿ ಎಲೆಯ ಮೇಲೆ ನೇರಳೆ ಮಚ್ಚೆ ಬಿದ್ದು, ತುದಿಯಿಂದ ಬುಡದವರೆಗೆ ಬೆಂಕಿ ತಗುಲಿದಂತೆ ಸುಟ್ಟುಹೋಗುವ ರೋಗ ಬಂತು. ಫಾರಂನ ಸಾಲುಗಳೆಲ್ಲ ಕಂದುಬಣ್ಣಕ್ಕೆ ತಿರುಗಿದವು. ನಡುವೆ ಒಂದು ಸಾಲು ಮಾತ್ರ ಹಸಿರಾಗಿ ನಿಂತಿತ್ತು. ರಾಯರು ಚಪ್ಪಲಿ ಕಳಚಿ ಕೆಸರಿಗಿಳಿದು, ಹದಿನೇಳನೇ ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಎಲೆ ತಿರುಗಿಸಿ ನೋಡಿದರು.

“ಸಿಕ್ಕಿತು ಕಣಯ್ಯ,” ಎಂದರು. “ಗಡ್ಡೆ ಸಣ್ಣದಾದರೇನು? ಇದನ್ನ ಬೆಳೆಸುತ್ತ, ದಪ್ಪ ಬಂದದ್ದನ್ನ ಎತ್ತಿಡುತ್ತ ಹೋಗೋಣ. ಹತ್ತು ವರ್ಷ ಹಿಡೀಲಿ. ಮಳೆಗಾಲದಲ್ಲಿ ನಿಲ್ಲೋ ಬೆಳ್ಳುಳ್ಳಿ ಇದು.”

ನನ್ನ ಇಡೀ ಚಾಕರಿಯಲ್ಲಿ ಮೇಲಧಿಕಾರಿಯೊಬ್ಬರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಹತ್ತು ವರ್ಷದ ಮಾತಾಡಿದವರಿಗೆ ಹತ್ತು ವಾರವೂ ಸಿಗಲಿಲ್ಲ. ಗಡ್ಡೆ ಕೀಳುವ ಮೊದಲೇ ಎಲ್ಲೋ ದೂರಕ್ಕೆ ವರ್ಗ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟ್ರಂಕು ಹತ್ತಿಸಿದ ನನಗೆ ಕಿಟಕಿಯಿಂದ ಹೇಳಿದ್ದು ಎರಡೇ ಮಾತು. “ಹದಿನೇಳು ಜೋಪಾನ.”

ಅವರ ಜಾಗಕ್ಕೆ ಬಂದವರ ಹೆಸರು ಬರೆಯುವುದಿಲ್ಲ, ಸಾಹೇಬರು ಎಂದರೆ ಸಾಕು. ರಾಗಿಯಲ್ಲಿ ಪಳಗಿದವರು. ಊಟದಲ್ಲಿ ಬೆಳ್ಳುಳ್ಳಿ ಇಲ್ಲದಿದ್ದರೆ ತುತ್ತು ಇಳಿಯುತ್ತಿರಲಿಲ್ಲ, ಆದರೆ ಅದು ಮಣ್ಣಲ್ಲಿ ಹೇಗಿರುತ್ತದೆಂದು ತಿಳಿಯದು. ಬಂದ ಮೊದಲ ದಿನವೇ, “ಬೀಜ ಎಲ್ಲಿಟ್ಟಿದ್ದೀಯ?” ಎಂದು ಕೇಳಿದರು. ಬೆಳ್ಳುಳ್ಳಿಗೆ ಬೀಜವಿಲ್ಲ ಎಂದರೆ ನಂಬಲಿಲ್ಲ. ಎರಡು ಮೂರು ಗಿಡಗಳಲ್ಲಿ ಅಪರೂಪಕ್ಕೆ ಹೂದಂಟು ಬಂದಿತ್ತು. ಅವಕ್ಕೆ ಬಟ್ಟೆಚೀಲ ಕಟ್ಟಿಸಿ ಬೀಜ ಉದುರಲೆಂದು ಕಾದರು. ತಿಂಗಳು ಕಳೆದು ಬಿಚ್ಚಿದರೆ ಒಣಗಿದ ಹೊಟ್ಟು.

“ನೀನು ಸರಿಯಾಗಿ ನೀರು ಕಟ್ಟಿಸಿಲ್ಲ,” ಎಂದರು.

“ಹೌದು ಸಾರ್,” ಎಂದೆ. ಅವತ್ತು ಇಲ್ಲ ಸಾರ್ ಎನ್ನಲು ಕಲಿತಿದ್ದರೆ ಮುಂದಿನದಕ್ಕೆ ಅಭ್ಯಾಸವಾಗುತ್ತಿತ್ತೇನೋ.

ಗಡ್ಡೆ ಕಿತ್ತು, ಒಣಗಿಸಿ, ಸೋಗೆ ಹೆಣೆದು, ಷೆಡ್ಡಿನ ತೊಲೆಗೆ ನಂಬರುವಾರು ತೂಗುಹಾಕಿದೆವು. ಮೇಲಕ್ಕೆ ಕಳಿಸುವ ತಖ್ತೆ ತುಂಬುವ ಕೆಲಸ ನನ್ನದು. ಗಡ್ಡೆಯ ತೂಕ, ಎಸಳು ಎಷ್ಟು, ಬಣ್ಣ ಯಾವುದು, ಮೂರೇ ಮನೆ. ಎಲೆ ಸುಡಲಿಲ್ಲ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಹದಿನೇಳು, ಮಳೆಯಲ್ಲಿ ರೋಗ ತಾಗಲಿಲ್ಲ.

“ಇದೇನಯ್ಯ, ಗೋಡೆ ಬರಹ?” ಎಂದು ಸಾಹೇಬರು ರಬ್ಬರಿನಿಂದ ಉಜ್ಜಿದರು. ತೂಕದ ಪ್ರಕಾರ ಹದಿನೇಳು ಎಲ್ಲದಕ್ಕಿಂತ ಕೆಳಗೆ ಬಿತ್ತು. ಮೇಲೆ ಬಂದದ್ದು ಹೊರಗಿನ ಊರಿನಿಂದ ತರಿಸಿದ, ಮುಷ್ಟಿಗಾತ್ರದ ಬಿಳಿ ಗಡ್ಡೆ. ಹೋದ ಮಳೆಯಲ್ಲಿ ಬಹುಪಾಲು ಸುಟ್ಟು, ಉಳಿದ ನಾಲ್ಕೇ ಗಿಡ ದಪ್ಪವಾಗಿದ್ದವು. ಆ ನಾಲ್ಕನ್ನೇ ತೂಗಿದ್ದು. ಅದೊಂದನ್ನು ಬೆಳೆಸುವುದು, ಮಿಕ್ಕವನ್ನು ವಿಲೇವಾರಿ ಮಾಡುವುದು ಎಂದು ಆದೇಶವಾಯಿತು. ಅವರವರಿಗೆ ವಾಪಸು ಕೊಡುವ ರಾಯರ ಮಾತು ಕಾಗದದಲ್ಲಿರಲಿಲ್ಲ, ನಾನೂ ಎತ್ತಲಿಲ್ಲ.

ವಿಲೇವಾರಿಗೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಯುಗಾದಿ ಕಳೆದ ವಾರ ಮೇಲಿನವರೊಬ್ಬರು ಫಾರಂ ನೋಡಲು ಬಂದರು. ಹುಣಸೆಮರದ ಕೆಳಗೆ ಊಟ. ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಜೊತೆಗೆ ಬೆಳ್ಳುಳ್ಳಿ ಚಟ್ನಿ ಆಗಲೇಬೇಕೆಂದು ಸಾಹೇಬರ ಆಸೆ. ಅಡಿಗೆಯವನು ಷೆಡ್ಡಿಗೆ ಬಂದು ಯಾವುದನ್ನು ಇಳಿಸಲಿ ಎಂದು ಕೇಳಿದ. ಸಾಹೇಬರು ತಖ್ತೆ ನೋಡಿ, “ಕೆಳಗಿಂದ ಶುರು ಮಾಡು” ಎಂದರು.

ಏಣಿ ಹತ್ತಿ ಹದಿನೇಳರ ಗೊಂಚಲು ಇಳಿಸಿದವನು ನಾನೇ. ತಗಡಿನ ನಂಬರು ಬಿಚ್ಚಿದವನು ನಾನೇ. ಒಂದು ಗಡ್ಡೆ ಉಳಿಸಿದ್ದರೆ ಸಾಕಿತ್ತು. ನನ್ನ ಅಂಗಿಗೆ ಜೇಬಿತ್ತು. ಆದರೆ ಫಾರಂನ ಮಾಲನ್ನು ಜೇಬಿಗೆ ಹಾಕಿದರೆ ಕಳ್ಳತನ ಎಂದು ನಿಯಮ. ಯಾವ ನಿಯಮನಿಷ್ಠೆಯಿಂದ ಒಬ್ಬಳ ಸೆರಗಿನ ಗಂಟು ಬಿಚ್ಚಿಸಿದ್ದೆನೋ, ಅದೇ ನಿಷ್ಠೆಯಿಂದ ನನ್ನ ಕೈ ಜೇಬಿಗೆ ಹೋಗಲಿಲ್ಲ. ಥೂ ಎಂದು ಉಗಿಯಬೇಕು ಅಂಥ ನಿಷ್ಠೆಗೆ.

ಬ್ಯಾಡಗಿ ಮೆಣಸಿನಕಾಯಿ ಹುರಿದು, ಹುಣಸೆಹಣ್ಣು ಹಾಕಿ, ಒರಳಲ್ಲಿ ಅರೆದರು. ಘಮ ಗೇಟಿನವರೆಗೂ ಬಂತು. ದೊಡ್ಡವರು ಎರಡು ಸಲ ಹಾಕಿಸಿಕೊಂಡರು. ಕೊನೆಯ ಪಂಕ್ತಿಯಲ್ಲಿ ನಾವು ಕೂತೆವು. ನನ್ನ ಎಲೆಗೂ ಬಡಿಸಿದರು. ನಾನು ತಿಂದೆ.

ದಪ್ಪ ಬೆಳ್ಳುಳ್ಳಿಯ ಕೆಲಸ ಭರದಿಂದ ನಡೆಯಿತು. ಮೊದಲು ತಂದ ಊರಿನಿಂದಲೇ ಮೂಟೆಗಟ್ಟಲೆ ತರಿಸಿ, ಮುಂದಿನ ವರ್ಷಕ್ಕೆ ಸುತ್ತಮುತ್ತಲ ಹಳ್ಳಿಗೆಲ್ಲ ಹಂಚಿದೆವು. ರೈತರು ಮುಷ್ಟಿಗಾತ್ರದ ಗಡ್ಡೆ ಕಂಡು ಮುಗಿಬಿದ್ದರು. ಸಾಹೇಬರಿಗೆ ಬಡ್ತಿ ಬಂತು, ಬಾಲ ಹಿಡಿದವನಿಗೂ ಒಂದು ಬಂತು. ರಾಯರಿಂದ ಒಂದು ಕಾರ್ಡು ಬಂತು: “ಹದಿನೇಳು ಹೇಗಿದೆ?” ಕ್ಷೇಮವಾಗಿದೆ ಎಂದು ಬರೆದು ಹಾಕಿದೆ. ಅವರು ಹಾಗೆಂದೇ ನಂಬಿಕೊಂಡು ತೀರಿಹೋದರು. ಮುನಿಯಮ್ಮನಿಗೆ ಕಾರ್ಡು ಬರೆಯಲು ಬರುತ್ತಿರಲಿಲ್ಲ, ಹಾಗಾಗಿ ಅವಳಿಗೆ ಸುಳ್ಳು ಬರೆಯುವ ಕಷ್ಟ ತಪ್ಪಿತು. ಎರಡು ವರ್ಷ ನಾನು ಚಾಂಪಿಯನ್ ರೀಫ್ಸ್ ಕಡೆ ತಲೆ ಹಾಕಲಿಲ್ಲ. ಪಕ್ಕದ ಊರಿಗಾಂನಲ್ಲಿ ಕೆಲಸ ಬಿದ್ದರೂ ಅಲ್ಲೇ ಇಳಿದು ಅಲ್ಲಿಂದಲೇ ವಾಪಸು.

ಮತ್ತೆ ಜಡಿಮಳೆ ಬಂತು. ಈ ಸಲ ಸುಡಲು ಒಂದೇ ತಳಿ ಇತ್ತು, ಊರೂರಿನಲ್ಲೂ ಅದೇ ಇತ್ತು. ಸುಟ್ಟುಹೋಯಿತು. ಮೇಲಿನಿಂದ ಕಾಗದ: ರೋಗ ತಡೆಯುವ ತಳಿ ಯಾವುದಾದರೂ ಇದ್ದರೆ ಕೂಡಲೇ ಕಳಿಸಿ. ಸಾಹೇಬರು ನನ್ನನ್ನು ಕರೆದರು.

“ಸುಡದೇ ಇದ್ದದ್ದು ಒಂದು ಇತ್ತಲ್ಲಯ್ಯ? ನೀನೇ ಪೆನ್ಸಿಲಲ್ಲಿ ಬರೆದಿದ್ದೆ.”

ಉಜ್ಜಿದ್ದು ನೆನಪಿತ್ತು ಅವರಿಗೆ! “ಕೊಟ್ಟವರ ಹತ್ತಿರ ಹೋಗಿ ಮತ್ತೆ ತಗೊಂಡು ಬಾ” ಎಂದರು.

ಮುನಿಯಮ್ಮನ ಮುಖ ನೋಡುವ ಧೈರ್ಯ ಸಾಲದೆ ಮೊದಲು ಬೇತಮಂಗಲದ ಬಸ್ಸು ಹತ್ತಿದೆ. ಅವಳ ತವರು ಹುಡುಕಿಕೊಂಡು ಹೋದೆ. ತಾಯಿ ತೀರಿಕೊಂಡಿದ್ದಳು. ಅಣ್ಣ ನನ್ನನ್ನು ಸುಟ್ಟು ನಿಂತ ಮಡಿಗೆ ಕರೆದುಕೊಂಡು ಹೋಗಿ ತೋರಿಸಿದ.

“ನಿಮ್ ಫಾರಂದೇ ಸಾಮಿ ಇದು. ನೀವೇ ಅಂಚಿದ್ರಿ. ಅಮ್ಮಂದು ಸಣ್ಣದು, ಸುಲಿಯಾಕೆ ಬ್ಯಾಸರ ಅಂತ ನಮ್ಮಾಕೆ ಎಲ್ಲಾನೂ ಸಾರಿಗಾಕ್ಬುಟ್ಳು. ಇನ್ನೆಲ್ಲೈತೆ?”

ಇನ್ನುಳಿದದ್ದು ಒಂದೇ ಬಾಗಿಲು. ಎಲ್ಲೋ ಒಂದು ಎಸಳನ್ನು ಬಚ್ಚಿಟ್ಟಿರಬಹುದು, ಅಂದು ಗಂಟಿನಲ್ಲಿ ಒಂದಾದರೂ ಉಳಿದಿರಬಹುದು ಎಂಬ ದುರಾಸೆ ನನಗೆ. ಬರಿಗೈಲಿ ಹೋಗಲು ಮುಖವಿಲ್ಲದೆ ಬಂಗಾರಪೇಟೆ ಸಂತೆಯಲ್ಲಿ ಹುಡುಕಿ ಹುಡುಕಿ, ಕೆನ್ನೇರಳೆ ಸಿಪ್ಪೆಯ ಸಣ್ಣ ಗಡ್ಡೆಗಳದ್ದೇ ಒಂದು ಗೊಂಚಲು ಕೊಂಡೆ. ನೋಡಿದರೆ ಅವಳದೇ ಎನ್ನಬೇಕು, ಹಾಗಿತ್ತು.

ಗಣಿಯ ಸೈರನ್ನು, ಪಾಳಿ ಬಿಡುವ ಸಂಗು, ಕೂಗುತ್ತಿತ್ತು. ಮನೆ ಮುಂದೆ ಹಗ್ಗದ ಮಂಚ ಇರಲಿಲ್ಲ. ಮುನಿಯಮ್ಮ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹಣೆ ಬೋಳಾಗಿತ್ತು. ನಾನು ಗೊಂಚಲು ಮುಂದಿಟ್ಟು, “ತಡವಾಯ್ತಕ್ಕ” ಎಂದೆ.

ಅವಳ ಮುಖ ಅರಳಿತು. ಗೊಂಚಲನ್ನು ಮಗುವನ್ನೆತ್ತುವಂತೆ ಎರಡೂ ಕೈಯಲ್ಲಿ ಎತ್ತಿಕೊಂಡಳು. ಒಂದು ಎಸಳು ಬಿಡಿಸಿ, ಉಗುರಿನಿಂದ ಸಿಪ್ಪೆ ಸೀಳಿ, ಮೂಗಿನ ಹತ್ತಿರ ಹಿಡಿದಳು. ಅರಳಿದ ಮುಖ ಹಾಗೇ ಇಳಿದುಹೋಯಿತು.

“ಇದು ಸಂತೇದು ಸಾಮಿ.”

ಮತ್ತೆ ಸಾಮಿಯಾಗಿದ್ದೆ.

“ನಮ್ದು ಎಲ್ಲೋಯ್ತು?”

ಸುಟ್ಟುಹೋಯಿತು ಎನ್ನಬಹುದಿತ್ತು. ಮಳೆಗೆ ಕೊಳೆಯಿತು ಎಂದಿದ್ದರೂ ನಂಬುತ್ತಿದ್ದಳು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. “ಫಾರಂನಲ್ಲಿ ಊಟಕ್ಕೆ ಆಕ್ಕಂಡ್ವಿ ಅಕ್ಕ. ಚಟ್ನಿ ಅರೆದ್ರು. ನಾನೂ ತಿಂದೆ” ಎಂದೆ.

“ಎಲ್ಲಾನುವಾ?”

“ಎಲ್ಲಾನೂ.”

ಬೈಯಲಿ ಎಂದು ತಲೆತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ಮೊರದಲ್ಲಿ ಒಂದು ಕಲ್ಲು ಆರಿಸಿ ಆಚೆ ಎಸೆದಳು.

“ಇವ್ರು ಕೊನೆ ತಿಂಗ್ಳು ಅದೇ ವಾಸ್ನೆ ಬೇಕು ಅಂದ್ರು,” ಎಂದಳು. ಮೊರ ಪಕ್ಕಕ್ಕಿಟ್ಟು, “ರುಚಿ ಎಂಗಿತ್ತು ಸಾಮಿ? ನಾವು ಯಾವತ್ತೂ ಅದ್ರಲ್ಲಿ ಚಟ್ನಿ ಮಾಡ್ನಿಲ್ಲ.”

“ಚೆನ್ನಾಗಿತ್ತು,” ಎಂದೆ.

ತಲೆಯಾಡಿಸಿದಳು. ಬಿಡಿಸಿದ ಎಸಳನ್ನೂ ಗೊಂಚಲಿಗೇ ಸಿಕ್ಕಿಸಿ ನನ್ನ ಕೈಗೆ ಕೊಟ್ಟಳು.

“ಇದನ್ನ ತಗಂಡೋಗಿ. ಸಂತೇದು ಸಂತೇಲಿ ಸಿಗ್ತದೆ.”